ವಿದ್ಯುತ್ಕಾಂತೀಯ ಅಡಚಣೆ ಮತ್ತು ಹೊಂದಾಣಿಕೆ

ವಿದ್ಯುತ್ ಅಥವಾ ಇಲೆಕ್ಟ್ರಾನಿಕ್ ಸಾಧನವೊಂದು ತನ್ನ ಕೆಲಸ ಮಾಡುತ್ತಲೇ ಹೊರಚೆಲ್ಲುವ ಬೇಡದ ವಿದ್ಯುತ್ಕಾಂತೀಯ ಶಕ್ತಿಯಿಂದ ಮತ್ತೊಂದು ಸಾಧನದ ಕೆಲಸ ಕೆಡುವುದೇ ವಿದ್ಯುತ್ಕಾಂತೀಯ ಅಡಚಣೆ, ಸಂಕ್ಷೇಪವಾಗಿ ಇಎಂಐ. ಒಂದೇ ತಾಣದಲ್ಲಿರುವ ಸಾಧನಗಳು ಪರಸ್ಪರ ತೊಂದರೆ ಕೊಡದೆ, ತೊಂದರೆ ಪಡದೆ ದುಡಿಯುವ ಸ್ಥಿತಿ ವಿದ್ಯುತ್ಕಾಂತೀಯ ಹೊಂದಾಣಿಕೆ, ಸಂಕ್ಷೇಪವಾಗಿ ಇಎಂಸಿ. ಕೈಗಾರಿಕಾ ಶೆಡ್ಡುಗಳಲ್ಲಿ ಇದನ್ನೆಲ್ಲ ಸೇರಿಸಿ ‘ನಾಯ್ಸ್’ ಎಂದು ಕರೆಯುವ ರೂಢಿಯಿದೆ. ಹೊಂದಾಣಿಕೆಗೆ ಎರಡು ಮುಖಗಳಿವೆ. ಸಾಧನ ಹೊರಚೆಲ್ಲುವ ಶಕ್ತಿ ಮಿತಿಯಲ್ಲಿರಬೇಕು. ಹೊರಗಿನಿಂದ ಬರುವುದನ್ನು ತಾಳಿಕೊಳ್ಳುವ ಶಕ್ತಿಯೂ ಅದಕ್ಕಿರಬೇಕು. ಮೊದಲನೆಯದು ಉತ್ಸರ್ಜನೆಯ ಮಿತಿ, ಎರಡನೆಯದು ತಾಳಿಕೆ.

ಒಂದು ಕಾಲಕ್ಕೆ ಇದು ರೇಡಿಯೋ ಎಂಜಿನಿಯರುಗಳ ವಿಷಯವಾಗಿತ್ತು. ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಂಥ ಕಬ್ಬು ಮತ್ತು ಮಗ್ಗದ ಸೀಮೆಯಲ್ಲೂ ಸಕ್ಕರೆ ಕಾರ್ಖಾನೆಯ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ತೂಕದ ಕಾಟಾ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ಮನೆಯ ಎಲ್‌ಇಡಿ ಬಲ್ಬು ಎಲ್ಲವೂ ಇದರ ಪರಿಧಿಯೊಳಗೆ ಬಂದಿವೆ.

ಮೂರು ಅಂಗಗಳು

ಯಾವ ಅಡಚಣೆಯಲ್ಲೂ ಮೂರು ಅಂಗಗಳಿರುತ್ತವೆ: ಮೂಲ, ದಾರಿ ಮತ್ತು ಬಾಧಿತ ಸಾಧನ. ಮೂರರಲ್ಲಿ ಒಂದನ್ನು ತೆಗೆದರೂ ಅಡಚಣೆ ನಿಲ್ಲುತ್ತದೆ. ಪರಿಹಾರದ ಎಲ್ಲ ಕ್ರಮಗಳೂ ಈ ಮೂರರಲ್ಲಿ ಯಾವುದಾದರೊಂದರ ಮೇಲೆ ಕೆಲಸ ಮಾಡುತ್ತವೆ.

ಮೂಲಗಳಲ್ಲಿ ನಿಸರ್ಗದವು ಮತ್ತು ಮನುಷ್ಯ ಮಾಡಿದವು ಎಂದು ಎರಡು ಬಗೆ. ಸಿಡಿಲು, ಸೂರ್ಯನ ಸ್ಫೋಟಗಳು, ಒಣಹವೆಯಲ್ಲಿ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತು ನಿಸರ್ಗದವು. 1989ರ ಮಾರ್ಚ್ 13ರಂದು ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನೇ ಕೆಡವಿ, ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿಟ್ಟಿತು. ಮನುಷ್ಯ ಮಾಡಿದವುಗಳಲ್ಲಿ ರೇಡಿಯೋ ಪ್ರಸಾರ ಕೇಂದ್ರ, ವಾಕಿಟಾಕಿ, ಮೊಬೈಲುಗಳಂತೆ ಬೇಕೆಂದೇ ಅಲೆ ಸೂಸುವವು ಕೆಲವು. ಮೋಟಾರು, ವೆಲ್ಡಿಂಗ್ ಯಂತ್ರ, ಕಾಂಟ್ಯಾಕ್ಟರು, ಮೊಬೈಲ್ ಚಾರ್ಜರು, ಇನ್ವರ್ಟರುಗಳಂತೆ ಬೇಡದೆಯೂ ಸೂಸುವವು ಹೆಚ್ಚಿನವು.

ದಾರಿಗಳು ನಾಲ್ಕು. ತಂತಿಯ ಮೂಲಕ ನೇರವಾಗಿ ಹರಿಯುವುದು ಒಂದು. ಅಕ್ಕಪಕ್ಕದ ತಂತಿಗಳ ನಡುವೆ ವಿದ್ಯುತ್ ಕ್ಷೇತ್ರದಿಂದ ದಾಟುವುದು, ಕಾಂತಕ್ಷೇತ್ರದಿಂದ ದಾಟುವುದು ಇನ್ನೆರಡು. ಆಂಟೆನಾದಿಂದ ಹೊರಟಂತೆ ಅಲೆಯಾಗಿ ಗಾಳಿಯಲ್ಲಿ ಹೋಗುವುದು ನಾಲ್ಕನೆಯದು. ಸಾಮಾನ್ಯವಾಗಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ತಂತಿಯ ದಾರಿಯೂ ಅದಕ್ಕಿಂತ ಮೇಲೆ ಅಲೆಯ ದಾರಿಯೂ ಮುಖ್ಯವಾಗುತ್ತವೆ. ಮಾನದಂಡಗಳು ಅಳತೆಯನ್ನು ಈ ಗಡಿಯಲ್ಲೇ ಇಬ್ಭಾಗ ಮಾಡಿಕೊಂಡಿರುವುದು ಇದೇ ಕಾರಣಕ್ಕೆ.

ತಂತಿಯಲ್ಲಿ ಹರಿಯುವ ಅಡಚಣೆಯಲ್ಲೂ ಎರಡು ಬಗೆಯಿದೆ. ಫೇಸಿನಲ್ಲಿ ಹೋಗಿ ನ್ಯೂಟ್ರಲ್ಲಿನಲ್ಲಿ ಮರಳುವುದು ಒಂದು. ಫೇಸ್, ನ್ಯೂಟ್ರಲ್ ಎರಡರಲ್ಲೂ ಒಂದೇ ದಿಕ್ಕಿಗೆ ಹೋಗಿ ಅರ್ಥ್ ತಂತಿ, ಯಂತ್ರದ ಮೈ ಅಥವಾ ಕಟ್ಟಡದ ಕಬ್ಬಿಣದ ಮೂಲಕ ಮರಳುವುದು ಇನ್ನೊಂದು. ಎರಡನೆಯದರ ಮರಳುದಾರಿ ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಅದನ್ನು ಹುಡುಕುವುದು ಕಷ್ಟ. ಹೊಲದಲ್ಲಿ, ಕಾರ್ಖಾನೆಯಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲು ಇದರದೇ.

ಇತಿಹಾಸ

ಟೆಲಿಗ್ರಾಫ್ ತಂತಿಗಳ ಪಕ್ಕದಲ್ಲೇ ವಿದ್ಯುತ್ ತಂತಿಗಳು ಬಂದಾಗ ಅಡಚಣೆಯ ಪ್ರಶ್ನೆಯೂ ಬಂತು. ಜರ್ಮನಿ 1892ರಲ್ಲೇ ಟೆಲಿಗ್ರಾಫ್ ತಂತಿಗಳಿಗಾಗುವ ತೊಂದರೆಯ ಬಗ್ಗೆ ಕಾನೂನು ಮಾಡಿತು. 1901ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದ ಸುದ್ದಿಯನ್ನು ನಿಸ್ತಂತುವಿನಲ್ಲಿ ಕಳಿಸಲು ಹೊರಟ ಪ್ರತಿಸ್ಪರ್ಧಿ ಕಂಪನಿಗಳ ಸಂಕೇತಗಳು ಒಂದರ ಮೇಲೊಂದು ಬಿದ್ದು, ದಡದಲ್ಲಿ ಏನೂ ತಿಳಿಯದಂತಾಯಿತು. ಮನೆಮನೆಗೆ ರೇಡಿಯೋ ಬಂದ ಮೇಲೆ, 1934ರಲ್ಲಿ, ರೇಡಿಯೋ ಅಡಚಣೆ ಕುರಿತ ಅಂತರರಾಷ್ಟ್ರೀಯ ವಿಶೇಷ ಸಮಿತಿ ಸಿಸ್ಪರ್ ಪ್ಯಾರಿಸ್ಸಿನಲ್ಲಿ ರೂಪುಗೊಂಡಿತು. ಇಂದಿಗೂ ಜಗತ್ತಿನ ಬಹುತೇಕ ಉತ್ಸರ್ಜನೆ ಮಿತಿಗಳ ತಾಯಿಬೇರು ಸಿಸ್ಪರ್ ದಾಖಲೆಗಳೇ.

1967ರ ಜುಲೈ 29ರಂದು ಅಮೆರಿಕದ ಯುದ್ಧನೌಕೆ ಫಾರೆಸ್ಟಲ್ ಮೇಲೆ ವಿಮಾನವೊಂದರಿಂದ ರಾಕೆಟ್ ತಾನಾಗಿ ಹಾರಿ ಬೆಂಕಿ ಹತ್ತಿ 134 ಜನ ಸತ್ತರು. ವಿಮಾನದ ವಿದ್ಯುತ್ ಪೂರೈಕೆ ಬದಲಾಯಿಸುವಾಗ ಉಂಟಾದ ವೋಲ್ಟೇಜ್ ಏರಿಕೆ ಇದಕ್ಕೆ ಕಾರಣವೆಂದು ಹೇಳಲಾಯಿತು. ಸೇನಾ ಸಾಧನಗಳ ಪ್ರಸಿದ್ಧ ಮಾನದಂಡ ಮಿಲ್-ಎಸ್‌ಟಿಡಿ-461 ಹೊರಬಂದದ್ದೂ ಅದೇ 1967ರಲ್ಲಿ. ನಾಗರಿಕ ಬದುಕಿನಲ್ಲಿ ತಿರುವು ತಂದದ್ದು ಕಂಪ್ಯೂಟರು. ಡಿಜಿಟಲ್ ಯಂತ್ರಗಳ ಗಡಿಯಾರ ಸಂಕೇತಗಳು ಟಿವಿ, ರೇಡಿಯೋಗಳನ್ನು ಕೆಡಿಸತೊಡಗಿದಾಗ ಅಮೆರಿಕ 1979ರಲ್ಲಿ ಅವಕ್ಕೆ ಮಿತಿ ವಿಧಿಸಿತು. ಯುರೋಪ್ 1989ರ ಆದೇಶದ ಮೂಲಕ ಉತ್ಸರ್ಜನೆಯ ಜೊತೆಗೆ ತಾಳಿಕೆಯನ್ನೂ ಕಾನೂನಿಗೆ ತಂದು, 1996ರ ಜನವರಿ 1ರಿಂದ ಕಡ್ಡಾಯ ಮಾಡಿತು.

ಮಿತಿಗಳು ಮತ್ತು ಅಳತೆ

ಮನೆಬಳಕೆಯ ಸಾಧನಗಳಿಗೆ ‘ಬಿ’ ವರ್ಗ, ಕೈಗಾರಿಕಾ ಸಾಧನಗಳಿಗೆ ‘ಎ’ ವರ್ಗ ಎಂದು ಸಿಸ್ಪರ್ ಎರಡು ವರ್ಗ ಮಾಡಿದೆ. ‘ಬಿ’ ಹೆಚ್ಚು ಬಿಗಿ. 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ವಿದ್ಯುತ್ ತಂತಿಗೆ ಹಿಮ್ಮರಳುವ ಅಡಚಣೆಯನ್ನು, ಅದರ ಮೇಲೆ ಗಾಳಿಗೆ ಸೂಸುವುದನ್ನು ಅಳೆಯುತ್ತಾರೆ. ‘ಬಿ’ ವರ್ಗದ ಸಾಧನ 30ರಿಂದ 230 ಮೆಗಾಹರ್ಟ್ಸ್ ನಡುವೆ 10 ಮೀಟರ್ ದೂರದಲ್ಲಿ ಉಂಟುಮಾಡಬಹುದಾದ ಕ್ಷೇತ್ರ ಮೀಟರಿಗೆ ಸುಮಾರು 32 ಮೈಕ್ರೋವೋಲ್ಟ್ ಮಾತ್ರ. ಅದೇ ಸಾಧನ ತಾಳಿಕೊಳ್ಳಬೇಕಾದ ಹೊರಗಿನ ಕ್ಷೇತ್ರ ಮೀಟರಿಗೆ 3 ವೋಲ್ಟ್, ಕೈಗಾರಿಕೆಯಲ್ಲಿ 10 ವೋಲ್ಟ್. ಮೊದಲಿನದಕ್ಕೂ 3 ವೋಲ್ಟಿಗೂ ಹತ್ತಿರ ಹತ್ತಿರ ಲಕ್ಷಪಟ್ಟು ಅಂತರ. ಈ ಅಂತರಕ್ಕೆ ಅರ್ಥವಿದೆ: ಉತ್ಸರ್ಜನೆಯ ಮಿತಿ ಇಟ್ಟಿರುವುದು ಪಕ್ಕದ ಯಂತ್ರವನ್ನು ಕಾಯಲಿಕ್ಕಲ್ಲ, ದೂರದ ಕೇಂದ್ರದಿಂದ ಬರುವ ಕ್ಷೀಣ ರೇಡಿಯೋ ಸಂಕೇತವನ್ನು ಕಾಯಲಿಕ್ಕೆ. ತಾಳಿಕೆಯ ಮಟ್ಟ ಇಟ್ಟಿರುವುದು ಕೈಯಲ್ಲೇ ಹಿಡಿದ ವಾಕಿಟಾಕಿ, ಮೊಬೈಲುಗಳನ್ನು ಲೆಕ್ಕದಲ್ಲಿಟ್ಟುಕೊಂಡು.

ತಾಳಿಕೆಯ ಪರೀಕ್ಷೆಗಳು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) 61000-4 ಸರಣಿಯಲ್ಲಿವೆ. ಬೆರಳ ತುದಿಯಿಂದ ಹಾರುವ ಸ್ಥಿರ ವಿದ್ಯುತ್ತಿನ ಕಿಡಿ, ರೇಡಿಯೋ ಕ್ಷೇತ್ರ, ಕಾಂಟ್ಯಾಕ್ಟರು ಬಿಡುವಾಗ ಹುಟ್ಟುವ ನ್ಯಾನೋಸೆಕೆಂಡುಗಳ ಮಿಡಿತಗಳ ಸರಮಾಲೆ, ಸಿಡಿಲಿನಿಂದ ತಂತಿಯಲ್ಲಿ ಏಳುವ ಸರ್ಜ್, ವೋಲ್ಟೇಜ್ ಕುಸಿತ ಇವುಗಳಿಗೆ ಪ್ರತ್ಯೇಕ ಪರೀಕ್ಷೆಗಳುಂಟು. ಅಳತೆ ಸಾಮಾನ್ಯವಾಗಿ ನಡೆಯುವುದು ಹೊರಗಿನ ಅಲೆ ಒಳಬರದ ಲೋಹದ ಕೋಣೆಯಲ್ಲಿ. ಒಳಗೋಡೆಗೆ ಅಲೆ ಹೀರುವ ಹೊದಿಕೆ ಇರುತ್ತದೆ.

ಭಾರತೀಯ ಮಾನಕ ಬ್ಯೂರೋ ಸಿಸ್ಪರ್ ಮಿತಿಗಳನ್ನು ಐಎಸ್ 6873 ಸರಣಿಯಲ್ಲೂ ಐಇಸಿ 61000 ದಾಖಲೆಗಳನ್ನು ಐಎಸ್ 14700 ಸರಣಿಯಲ್ಲೂ ಅಳವಡಿಸಿಕೊಂಡಿದೆ. ದೂರಸಂಪರ್ಕ ಸಾಧನಗಳಿಗೆ 2019ರಿಂದ ಹಂತಹಂತವಾಗಿ ಕಡ್ಡಾಯ ಪರೀಕ್ಷೆ ಬಂದಿದೆ. ವಾಹನ, ವೈದ್ಯಕೀಯ, ಸೇನಾ ಸಾಧನಗಳಿಗೆ ತಮ್ಮದೇ ಮಾನದಂಡಗಳಿವೆ. ಆದರೆ ಯುರೋಪಿನಂತೆ ಎಲ್ಲ ಬಗೆಯ ಉಪಕರಣಗಳಿಗೂ ಅನ್ವಯಿಸುವ ಒಂದೇ ಇಎಂಸಿ ಕಾನೂನು ಭಾರತದಲ್ಲಿಲ್ಲ. ಇಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿ ಮುಖ್ಯವಾಗಿ ನೋಡುವುದು ಶಾಕ್, ಬೆಂಕಿಗಳಿಂದ ಸುರಕ್ಷತೆಯನ್ನು.

ಕರ್ನಾಟಕದ ನೆಲೆಗಳು

ಅಡಚಣೆಯಿಂದ ದೂರ ಇರಬೇಕಾದ ಕೆಲವು ಸೂಕ್ಷ್ಮ ನೆಲೆಗಳು ಕರ್ನಾಟಕದಲ್ಲಿವೆ. ಬೆಂಗಳೂರಿನಿಂದ ಉತ್ತರಕ್ಕಿರುವ ಗೌರಿಬಿದನೂರಿನ ರೇಡಿಯೋ ದೂರದರ್ಶಕ ಕೇಂದ್ರ 1976ರಿಂದ ಕೆಲಸ ಮಾಡುತ್ತಿದೆ. ಸಾವಿರ ದ್ವಿಧ್ರುವ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ ಈ ಕೇಂದ್ರಕ್ಕೆ 1997ರಲ್ಲಿ ಸೂರ್ಯನನ್ನು ನೋಡುವ ರೇಡಿಯೋ ಹೀಲಿಯೋಗ್ರಾಫ್ ಸೇರಿತು. 2008ರಲ್ಲಿ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋ ತನ್ನ 32 ಮೀಟರ್ ಆಂಟೆನಾ ನಿಲ್ಲಿಸಿತು. ಸುತ್ತ ದಿಬ್ಬಗಳಿರುವ ತಗ್ಗಿನ ನೆಲ ನಗರದ ರೇಡಿಯೋ ಗದ್ದಲವನ್ನು ತಡೆಯುತ್ತದೆ ಎಂಬುದು ಆ ಜಾಗದ ಒಂದು ಗುಣ. ಚಂದ್ರಯಾನ, ಮಂಗಳಯಾನಗಳ ಕ್ಷೀಣ ಸಂಕೇತಗಳು ಇಳಿದದ್ದು ಇಲ್ಲಿಗೇ.

ಅಡಚಣೆ ಆಡಳಿತದ ವಿಷಯವಾದ ಸಂದರ್ಭಗಳೂ ಇವೆ. ದೇಶದಲ್ಲಿ 5ಜಿ ಆರಂಭವಾದ 2022ರಲ್ಲಿ, ವಿಮಾನದ ಎತ್ತರಮಾಪಕ ರೇಡಾರು 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ, 3.3–3.67 ಗಿಗಾಹರ್ಟ್ಸ್‌ನ 5ಜಿ ಗೋಪುರಗಳನ್ನು ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ ಹಾಕಬಾರದೆಂದು ದೂರಸಂಪರ್ಕ ಇಲಾಖೆ ಸೂಚಿಸಿತು. ಅದೇ ವರ್ಷ ಅನುಮತಿಯಿಲ್ಲದ ಜ್ಯಾಮರ್ ಮತ್ತು ಸಿಗ್ನಲ್ ಬೂಸ್ಟರುಗಳ ಬಳಕೆ ಕಾನೂನುಬಾಹಿರವೆಂದು ಇಲಾಖೆ ಎಚ್ಚರಿಸಿತ್ತು. ಮನೆಯಲ್ಲಿ ಸಿಗ್ನಲ್ ಸಿಗಲೆಂದು ಹಾಕಿದ ಅಗ್ಗದ ಬೂಸ್ಟರು ಇಡೀ ಬಡಾವಣೆಯ ಗೋಪುರವನ್ನು ಗೊಂದಲಕ್ಕೆ ದೂಡಬಲ್ಲದು. ಪರಪ್ಪನ ಅಗ್ರಹಾರದ ಕಾರಾಗೃಹದಲ್ಲಿ ಮೊಬೈಲ್ ತಡೆಯುವ ವ್ಯವಸ್ಥೆ ಬಂದ ಮೇಲೆ ಸುತ್ತಲಿನ ನಿವಾಸಿಗಳು ತಮಗೂ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ದೂರಿದ್ದರು.

ಹೊಸ ವಿದ್ಯುತ್ ಮಾರ್ಗ ಎಳೆಯುವಾಗ ಹತ್ತಿರದ ದೂರವಾಣಿ ತಂತಿಗಳಲ್ಲಿ ಅಪಾಯದ ವೋಲ್ಟೇಜ್ ಹುಟ್ಟದಂತೆ ನೋಡಿಕೊಳ್ಳಲು ವಿದ್ಯುತ್ ಮತ್ತು ದೂರಸಂಪರ್ಕ ಇಲಾಖೆಗಳ ಜಂಟಿ ಸಮನ್ವಯ ಸಮಿತಿಯ ಒಪ್ಪಿಗೆ ಬೇಕು. ಪಿಟಿಸಿಸಿ ಎಂದು ಕರೆಯುವ ಈ ಸಮಿತಿ ಹೊಂದಾಣಿಕೆಯ ವಿಷಯದಲ್ಲಿ ಭಾರತದ ಹಳೆಯ ವ್ಯವಸ್ಥೆಗಳಲ್ಲೊಂದು.

ಕಬ್ಬಿನ ಸೀಮೆಯಲ್ಲಿ ಅಡಚಣೆ

ಕೃಷ್ಣಾ–ಘಟಪ್ರಭಾ ನದಿಗಳ ನಡುವಣ ಈ ಸೀಮೆ ಸಕ್ಕರೆ ಕಾರ್ಖಾನೆಗಳ ದಟ್ಟ ಪಟ್ಟಿ. ಬೀಳಗಿ ತಾಲೂಕಿನ ಬಾಡಗಂಡಿ, ಮುಧೋಳ ಸೀಮೆಯ ಸಮೀರವಾಡಿ, ಜಮಖಂಡಿ ಸೀಮೆಯ ಸಿದ್ದಾಪುರ, ಹಿರೇಪಡಸಲಗಿಗಳಲ್ಲಿ ಕಾರ್ಖಾನೆಗಳಿವೆ. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತಯಾರಿಸುವ ಸಹವಿದ್ಯುತ್ ಘಟಕಗಳು ಬಂದಂತೆ, ಸಕ್ಕರೆ ಉದ್ಯಮದಲ್ಲಿ ಗಾಣ ತಿರುಗಿಸುತ್ತಿದ್ದ ಉಗಿ ಟರ್ಬೈನುಗಳ ಜಾಗಕ್ಕೆ ವಿದ್ಯುತ್ ಮೋಟಾರುಗಳೂ ಅವುಗಳ ವೇಗ ನಿಯಂತ್ರಿಸುವ ಡ್ರೈವುಗಳೂ ಬರತೊಡಗಿದವು. ಕಬ್ಬು ಸಾಗಿಸುವ ಕ್ಯಾರಿಯರ್, ಸಕ್ಕರೆ ಬೇರ್ಪಡಿಸುವ ಸೆಂಟ್ರಿಫ್ಯೂಗಲ್, ಬಾಯ್ಲರಿನ ಫ್ಯಾನು ಎಲ್ಲಕ್ಕೂ ಈಗ ಡ್ರೈವ್ ಹಾಕುವುದು ವಾಡಿಕೆ. ಇದರಿಂದ ವಿದ್ಯುತ್ ಉಳಿತಾಯ ನಿಜ. ಆದರೆ ಇಂಥ ಕಾರ್ಖಾನೆಯೊಳಗಿನ ಅಡಚಣೆಯ ದೊಡ್ಡ ಮೂಲವೂ ಡ್ರೈವೇ.

ಡ್ರೈವ್ 415 ವೋಲ್ಟ್ ಎಸಿಯನ್ನು ಸುಮಾರು 560 ವೋಲ್ಟ್ ಡಿಸಿ ಮಾಡಿ, ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಮೋಟಾರಿಗೆ ಬೇಕಾದ ಎಸಿ ಕಟ್ಟುತ್ತದೆ. ಪ್ರತಿ ಕತ್ತರಿಕೆಯಲ್ಲೂ ವೋಲ್ಟೇಜ್ ಮೈಕ್ರೋಸೆಕೆಂಡಿನ ಒಂದು ಚೂರಿನಷ್ಟು ಹೊತ್ತಿನಲ್ಲಿ ಜಿಗಿಯುತ್ತದೆ. ಮೋಟಾರಿನ ಕೇಬಲ್ಲಿಗೂ ನೆಲಕ್ಕೂ ನಡುವೆ 1 ನ್ಯಾನೋಫ್ಯಾರಡ್ ಕೆಪಾಸಿಟೆನ್ಸ್ ಇದ್ದು, ವೋಲ್ಟೇಜ್ ಮೈಕ್ರೋಸೆಕೆಂಡಿಗೆ 5,000 ವೋಲ್ಟ್ ವೇಗದಲ್ಲಿ ಏರಿದರೆ, ಆ ಕ್ಷಣ ಅರ್ಥಿಂಗಿಗೆ 5 ಆಂಪಿಯರ್ ನುಗ್ಗುತ್ತದೆ. ಈ ಕರೆಂಟು ಡ್ರೈವಿಗೆ ಮರಳಲು ಸಿಕ್ಕ ದಾರಿ ಹಿಡಿಯುತ್ತದೆ. ಶೀಲ್ಡ್ ಇರುವ ಮೋಟಾರ್ ಕೇಬಲ್ ಹಾಕಿ ಅದರ ಎರಡೂ ತುದಿ ಸರಿಯಾಗಿ ಬಿಗಿದಿದ್ದರೆ ಅದರೊಳಗೇ ಮರಳುತ್ತದೆ. ಇಲ್ಲದಿದ್ದರೆ ಕೇಬಲ್ ಟ್ರೇ, ಕಟ್ಟಡದ ಕಂಬ, ಉಷ್ಣಮಾಪಕ ಮತ್ತು ಒತ್ತಡಮಾಪಕಗಳ 4–20 ಮಿಲಿಆಂಪಿಯರ್ ಸಂಕೇತದ ತಂತಿಗಳ ಮೇಲೆ ಹಾದುಹೋಗುತ್ತದೆ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಕಾರಣವಿಲ್ಲದೆ ಅಂಕಿಗಳು ಕುಣಿಯುವುದು ಆಗಲೇ.

ತೂಕದ ಕಾಟಾ ಈ ಸೀಮೆಯ ಅತ್ಯಂತ ಸೂಕ್ಷ್ಮ ಸಾಧನ. ತಾಂತ್ರಿಕವಾಗಿಯೂ ಹೌದು, ಸಾಮಾಜಿಕವಾಗಿಯೂ ಹೌದು. ರೈತನಿಗೆ ಸಿಗುವ ಹಣ ನಿರ್ಧಾರವಾಗುವುದು ಅದರ ಮೇಲೆ. ಕಾಟಾದ ಕೆಳಗಿರುವ ಲೋಡ್‌ಸೆಲ್ ಸಾಮಾನ್ಯವಾಗಿ ಪೂರ್ಣ ಭಾರಕ್ಕೆ ಕೊಡುವ ಸಂಕೇತ 20 ಮಿಲಿವೋಲ್ಟ್. 60 ಟನ್ನಿನ ಕಾಟಾದಲ್ಲಿ 10 ಕಿಲೋ ವ್ಯತ್ಯಾಸ ಎಂದರೆ 3.3 ಮೈಕ್ರೋವೋಲ್ಟ್, ಒಂದು ವೋಲ್ಟಿನ ಸುಮಾರು ಮೂರು ಲಕ್ಷದ ಒಂದು ಪಾಲು. 5 ವ್ಯಾಟಿನ ವಾಕಿಟಾಕಿ ಒಂದು ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 15 ವೋಲ್ಟ್ ಕ್ಷೇತ್ರ ಹುಟ್ಟಿಸುತ್ತದೆ. ಇದು ಕೈಗಾರಿಕಾ ತಾಳಿಕೆಯ 10 ವೋಲ್ಟ್ ಮಟ್ಟವನ್ನು ಮೀರಿದ್ದು. ಇಂಥ ರೇಡಿಯೋ ಅಲೆ ಲೋಡ್‌ಸೆಲ್ಲಿನ ತಂತಿ ಹಿಡಿದು ವರ್ಧಕಕ್ಕೆ ತಲುಪಿದರೆ ಅಂಕಿ ಕುಣಿಯಬೇಕೆಂದೇನೂ ಇಲ್ಲ. ವರ್ಧಕ ಅದನ್ನು ಡಿಸಿಯಾಗಿ ಪರಿವರ್ತಿಸಿ, ಅಲುಗಾಡದ ತಪ್ಪು ತೂಕವನ್ನೇ ತೋರಿಸಬಹುದು. ಅಡಚಣೆ ನಿಂತ ಕೂಡಲೇ ಅಂಕಿ ಸರಿಹೋಗುವುದರಿಂದ ಆಮೇಲೆ ಗುರುತು ಸಿಗುವುದಿಲ್ಲ.

ತೂಕ ಯಂತ್ರಗಳ ಅಂತರರಾಷ್ಟ್ರೀಯ ಶಿಫಾರಸು ಓಐಎಂಎಲ್ ಆರ್ 76 ಈ ಅಪಾಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ರೇಡಿಯೋ ಕ್ಷೇತ್ರ, ಮಿಡಿತಗಳ ಸರಮಾಲೆ, ಸ್ಥಿರ ವಿದ್ಯುತ್ತಿನ ಕಿಡಿಗಳಿಗೆ ಒಡ್ಡಿದಾಗ ತೂಕದಲ್ಲಾಗುವ ಬದಲಾವಣೆ ಯಂತ್ರದ ಒಂದು ಪರಿಶೀಲನಾ ಅಂತರವನ್ನು, ಎಂದರೆ ಪರಿಶೀಲನೆಗೆ ಗೊತ್ತುಮಾಡಿದ ತೂಕದ ಒಂದು ಹೆಜ್ಜೆಯನ್ನು, ಮೀರಬಾರದು. ಮೀರಿದರೆ ಯಂತ್ರ ಅದನ್ನು ತಾನೇ ಪತ್ತೆಹಚ್ಚಿ ತಿಳಿಸಬೇಕು. ಕಾಟಾದ ಮೇಲೆ ಅನುಮಾನ ಬಂದಾಗ ಮುದ್ರೆಯ ತೂಕದ ಕಲ್ಲುಗಳನ್ನಿಟ್ಟು ನೋಡುವುದು ಸರಿಯಾದ ಕ್ರಮ. ಆ ಪರೀಕ್ಷೆಯನ್ನು ಸುತ್ತಲಿನ ಯಂತ್ರಗಳು ನಿಂತಾಗ ಒಮ್ಮೆ, ಓಡುವಾಗ ಒಮ್ಮೆ, ಪಕ್ಕದಲ್ಲಿ ವಾಕಿಟಾಕಿ ಮಾತಾಡುವಾಗ ಒಮ್ಮೆ ಮಾಡಿದರೆ ಅಡಚಣೆಯನ್ನೂ ಕೈಚಳಕವನ್ನೂ ಬೇರ್ಪಡಿಸಿ ನೋಡಬಹುದು.

ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರು ಇನ್ನೊಂದು ಮೂಲ. ಕಾಂಟ್ಯಾಕ್ಟರಿನ ಕಾಯಿಲ್ ಆಫ್ ಆಗುವಾಗ ಅದರಲ್ಲಿ ಸೇರಿದ್ದ ಶಕ್ತಿ ಸಾವಿರ ವೋಲ್ಟಿಗೂ ಮೀರಿದ ಮಿಡಿತಗಳಾಗಿ ಸಿಡಿಯುತ್ತದೆ. ಅದೇ ಪೆಟ್ಟಿಗೆಯಲ್ಲಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರು ಕೂತಿದ್ದರೆ ಅದರ ಚಿಪ್ಪು ಗೊಂದಲಗೊಂಡು ಉತ್ತರ ಕೊಡುವುದನ್ನೇ ನಿಲ್ಲಿಸಬಹುದು. ಕಾಯಿಲ್ಲಿನ ಎರಡು ತುದಿಗೆ ರೆಸಿಸ್ಟರ್–ಕೆಪಾಸಿಟರ್ ಜೋಡಿ ಹಾಕುವುದು ಇದರ ಅಗ್ಗದ, ಖಾತ್ರಿಯ ಪರಿಹಾರ. ಸೌರ ಪಂಪಿನ ನಿಯಂತ್ರಕ ಮೂಲತಃ ಒಂದು ಡ್ರೈವೇ ಆದ್ದರಿಂದ ಡ್ರೈವಿನ ಎಲ್ಲ ಎಚ್ಚರಗಳೂ ಅದಕ್ಕೆ ಅನ್ವಯಿಸುತ್ತವೆ.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಸಾದಾ ಇಂಡಕ್ಷನ್ ಮೋಟಾರಿಗೆ ಕಾರ್ಬನ್ ಬ್ರಷ್ ಇಲ್ಲ. ಓಡುವಾಗ ಅದು ಹೆಚ್ಚು ಅಡಚಣೆ ಸೂಸುವುದಿಲ್ಲ, ಇರುವ ಕಿಡಿ ಸ್ವಿಚ್ಚಿನದು. ಬಟ್ಟೆಯಲ್ಲಿ ವಿನ್ಯಾಸ ಮೂಡಿಸುವ ಇಲೆಕ್ಟ್ರಾನಿಕ್ ಜಕಾರ್ಡ್ ಬಂದರೆ ಚಿತ್ರ ಬದಲಾಗುತ್ತದೆ. ನೂರಾರು ವಿದ್ಯುತ್ಕಾಂತಗಳಿಗೆ ಆಜ್ಞೆ ಹೋಗುವ ತಂತಿಯಲ್ಲಿ ಒಂದು ಮಿಡಿತ ತಪ್ಪಿದರೂ ಸೀರೆಯ ಸೆರಗಿನಲ್ಲಿ ಎಳೆ ತಪ್ಪಿ ಬೀಳುತ್ತದೆ.

ಮನೆಗಳಲ್ಲಿ ಮೊದಲು ಪೆಟ್ಟು ತಿಂದದ್ದು ಮೀಡಿಯಂ ವೇವ್ ರೇಡಿಯೋ. 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿ ಧಾರವಾಡದ ಕಂಪನಾಂಕ 765 ಕಿಲೋಹರ್ಟ್ಸ್. 85 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸುವ ಅಡಾಪ್ಟರೊಂದರ ಒಂಬತ್ತನೆಯ ಗುಣಕ ಸರಿಯಾಗಿ 765. ಫಿಲ್ಟರಿಗೆಂದು ಇರಬೇಕಾದ ಕೆಪಾಸಿಟರು, ಕಾಯಿಲುಗಳನ್ನು ಬಿಟ್ಟು ಬೆಲೆ ಇಳಿಸಿದ ಎಲ್‌ಇಡಿ ಬಲ್ಬು, ಚಾರ್ಜರುಗಳು ಹತ್ತಿದೊಡನೆ ರೇಡಿಯೋದಲ್ಲಿ ಕರಕರ ಸದ್ದು ಏಳುವುದು ಇದರಿಂದ. ಬಲ್ಬುಗಳನ್ನು ಒಂದೊಂದಾಗಿ ಆರಿಸುತ್ತ ಬ್ಯಾಟರಿ ರೇಡಿಯೋ ಹಿಡಿದು ಕೇಳಿದರೆ ಮೂಲ ಸಿಕ್ಕಿಬಿಡುತ್ತದೆ. ಅಡಚಣೆ ಪತ್ತೆಗೆ ಇದಕ್ಕಿಂತ ಅಗ್ಗದ ಉಪಕರಣವಿಲ್ಲ.

ನಿವಾರಣೆ

ಮೂಲದಲ್ಲೇ ತಡೆಯುವುದು ಉತ್ತಮ. ಡ್ರೈವಿಗೆ ಫಿಲ್ಟರು ಹಾಕಬೇಕು. ಫಿಲ್ಟರಿನ ಲೋಹದ ಮೈ ಪ್ಯಾನೆಲ್ಲಿನ ಬಣ್ಣ ಕೆರೆದ ಬರಿಲೋಹಕ್ಕೆ ನೇರವಾಗಿ ತಾಗಬೇಕು. ತಂತಿಯ ಇಂಡಕ್ಟೆನ್ಸ್ ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಇರುವುದರಿಂದ, ಉದ್ದನೆಯ ಹಸಿರು ಅರ್ಥ್ ತಂತಿ 50 ಹರ್ಟ್ಸ್‌ಗೆ ಒಳ್ಳೆಯ ದಾರಿಯಾದರೂ ಮೆಗಾಹರ್ಟ್ಸ್‌ಗಳಲ್ಲಿ ದಾರಿಯೇ ಅಲ್ಲ. ಶೀಲ್ಡನ್ನು ಜಡೆಯಂತೆ ಹೊಸೆದು ಒಂದು ಸ್ಕ್ರೂಗೆ ಕಟ್ಟುವ ರೂಢಿ ಇದೇ ಕಾರಣಕ್ಕೆ ತಪ್ಪು. ಸುತ್ತಲೂ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಬೇಕು.

ದಾರಿಯಲ್ಲಿ ತಡೆಯಲು ಪವರ್ ಕೇಬಲ್ ಮತ್ತು ಸಂಕೇತದ ಕೇಬಲ್ಲುಗಳಿಗೆ ಬೇರೆ ಬೇರೆ ಟ್ರೇ ಇರಬೇಕು. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಬೇಕು. ಸಂಕೇತಕ್ಕೆ ಹೊಸೆದ ಜೋಡಿ ತಂತಿ ಬಳಸಬೇಕು. ಲೋಹದ ಪೆಟ್ಟಿಗೆ ಅಲೆಯನ್ನು ತಡೆಯುತ್ತದೆ, ಆದರೆ ಅದರ ಸಂದು ಉದ್ದವಾಗಿದ್ದರೆ ಅದೇ ಆಂಟೆನಾ ಆಗುತ್ತದೆ: 1 ಗಿಗಾಹರ್ಟ್ಸ್‌ಗೆ 15 ಸೆಂಟಿಮೀಟರ್ ಸಂದು ಸಾಕು.

ಅರ್ಥಿಂಗಿನ ಬಗ್ಗೆ ಎರಡು ವಿಷಯ ಬೇರೆಬೇರೆಯಾಗಿ ತಿಳಿದಿರಬೇಕು. ಎರೆ ಭೂಮಿ ಹಸಿಯಿದ್ದಾಗ ವಿದ್ಯುತ್ತಿಗೆ ಒಳ್ಳೆಯ ನೆಲ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟಾಗ ಅರ್ಥ್ ಗುಂಡಿಯ ರೋಧ ಏರುತ್ತದೆ. ಆದ್ದರಿಂದ ರೋಧವನ್ನು ಬೇಸಿಗೆಯಲ್ಲಿ ಅಳೆಯಬೇಕು. ಇದು ಜೀವರಕ್ಷಣೆಗೆ, ಸಿಡಿಲಿಗೆ ಬೇಕು. ಆದರೆ ರೇಡಿಯೋ ಕಂಪನಾಂಕದ ಅಡಚಣೆ ಗುಂಡಿ ಎಷ್ಟು ಆಳ ಎಂಬುದರಿಂದ ಕಡಿಮೆಯಾಗುವುದಿಲ್ಲ. ಪ್ಯಾನೆಲ್, ಮೋಟಾರು, ಟ್ರೇಗಳು ಒಂದಕ್ಕೊಂದು ಅಗಲವಾದ, ಗಿಡ್ಡವಾದ ಲೋಹದ ಪಟ್ಟಿಗಳಿಂದ ಬೆಸೆದಿದ್ದರೆ ಕಡಿಮೆಯಾಗುತ್ತದೆ. ನಾಯ್ಸ್ ಬಂತೆಂದು ಹೊಸ ಗುಂಡಿ ತೋಡಿ, ಇಲೆಕ್ಟ್ರಾನಿಕ್ ಸಾಧನಗಳಿಗೆ ಪ್ರತ್ಯೇಕ ಅರ್ಥ್ ಕೊಟ್ಟು ಉಳಿದದ್ದರಿಂದ ಕಡಿದುಹಾಕುವುದು ಅಪಾಯಕಾರಿ. ಸಿಡಿಲು ಬಿದ್ದಾಗ ಎರಡು ಅರ್ಥುಗಳ ನಡುವೆ ಸಾವಿರಾರು ವೋಲ್ಟ್ ಏಳುತ್ತದೆ.

ಹೊಂದಾಣಿಕೆಯನ್ನು ವಿನ್ಯಾಸದಲ್ಲೇ ಸೇರಿಸಿದರೆ ಖರ್ಚು ಕಡಿಮೆ. ಯಂತ್ರ ಕೂತ ಮೇಲೆ, ಅದೂ ಕಬ್ಬು ನುರಿಸುವ ಹಂಗಾಮಿನ ನಡುವೆ ಹುಡುಕಹೊರಟರೆ ದುಬಾರಿ. ಕಡ್ಡಾಯ ಕಾನೂನು ಎಲ್ಲಕ್ಕೂ ಅನ್ವಯಿಸದ ದೇಶದಲ್ಲಿ ಈ ಹೊಣೆ ಕೊಳ್ಳುವವರ ಮೇಲೂ ಬೀಳುತ್ತದೆ. ಡ್ರೈವ್, ಕಾಟಾ, ಸ್ಟಾರ್ಟರ್ ಯಾವುದನ್ನೇ ಕೊಳ್ಳುವಾಗ ಯಾವ ಮಾನದಂಡಕ್ಕೆ, ಯಾವ ವರ್ಗಕ್ಕೆ ಪರೀಕ್ಷೆಯಾಗಿದೆ ಎಂದು ಖರೀದಿ ಪತ್ರದಲ್ಲೇ ಕೇಳಿ, ಪರೀಕ್ಷಾ ವರದಿ ನೋಡಿ ಹಣ ಕೊಡಬೇಕು.